ಸಿದ್ದಕ್ಕನ ನೀಲಿ ಡ್ರಮ್ಮು

ನಮ್ಮೂರಿಗೆ ನೀರು ಬರುವುದು ಕರೆಂಟು ಬಂದಾಗ. ಕರೆಂಟು ಬರುವುದು ಅದಕ್ಕೆ ಮನಸ್ಸು ಬಂದಾಗ. ಹೀಗಾಗಿ ಮಿನಿ ಟ್ಯಾಂಕಿನ ನಲ್ಲಿಯಲ್ಲಿ ಸದ್ದಾಯಿತೆಂದರೆ ಹೆಂಗಸರು ಒಲೆಯ ಮೇಲಿನ ಮುದ್ದೆಯನ್ನೂ ಬಿಟ್ಟು ಕೊಡ ಹಿಡಿದು ಓಡುತ್ತಾರೆ. ಇರುವ ಕೊಡ, ಬಿಂದಿಗೆ, ಬಕೆಟ್ಟು, ಕೊನೆಗೆ ಸಾರಿನ ಪಾತ್ರೆಯೂ ತುಂಬಬೇಕು. ಯಾರ ಮನೆಯಲ್ಲಿ ದೊಡ್ಡ ಪಾತ್ರೆ ಇದೆಯೋ ಅವರ ಮನೆಯಲ್ಲಿ ನೀರಿದೆ. ಕೊಂಡ್ಲಹಳ್ಳಿಯ ಆಚೆಗಿನ ನಮ್ಮಂಥ ಊರುಗಳಲ್ಲಿ ಶ್ರೀಮಂತಿಕೆ ಎಂದರೆ ಇಷ್ಟೇ.

ಸೂರಮ್ಮನ ಮನೆಯಲ್ಲಿ ಒಂದು ತಾಮ್ರದ ಹಂಡೆ ಇತ್ತು. ತವರಿನಿಂದ ಬಂದದ್ದು. ಹುಣಸೆಹಣ್ಣು ಹಾಕಿ ತಿಕ್ಕಿದರೆ ಮುಖ ನೋಡಿಕೊಳ್ಳಬಹುದಿತ್ತು. ಪಕ್ಕದ ಮನೆಯ ಸಿದ್ದಕ್ಕನಿಗೆ ಆ ಹಂಡೆಯನ್ನು ಕಂಡರೆ ಮೈಯೆಲ್ಲ ಉರಿ. ಇಬ್ಬರ ಮನೆಗೂ ನಡುವೆ ಇರುವುದು ಒಂದು ಮೊಣಕಾಲೆತ್ತರದ ಗೋಡೆ. ಸೂರಮ್ಮ ಹಂಡೆ ತಿಕ್ಕುವ ಸದ್ದು ಕೇಳಿದಾಗಲೆಲ್ಲ ಸಿದ್ದಕ್ಕ ಗಂಡನ ಕಡೆ ತಿರುಗಿ ಕೇಳುತ್ತಿದ್ದಳು, "ನಮ್ಮನೆಗೆ ಒಂದು ದೊಡ್ಡದು ತರ್ತೀಯೋ ಇಲ್ವೋ?"

ಗಂಡ ಹುಲಿಯಪ್ಪ ಚಳ್ಳಕೆರೆಯಲ್ಲಿ ಹಮಾಲಿ. ಬೆಳೆಗೆ ಹೊಡೆಯುವ ಔಷಧಿಯನ್ನು ದೊಡ್ಡ ಡ್ರಮ್ಮುಗಳಲ್ಲಿ ತರಿಸಿ, ಸಣ್ಣ ಸೀಸೆಗಳಿಗೆ ತುಂಬಿ ಮಾರುವ ಒಂದು ಗೋಡೌನಿನಲ್ಲಿ ಅವನ ಕೆಲಸ. ಎರಡು ಸಾವಿರದ ಮೂರರ ಬೇಸಿಗೆಯ ಆರಂಭದಲ್ಲಿ ಒಂದು ಸಂಜೆ, ಬಸ್ಸಿನ ಟಾಪಿನ ಮೇಲೆ ಒಂದು ನೀಲಿ ಡ್ರಮ್ಮು ಊರಿಗೆ ಬಂತು. ಒಬ್ಬ ಆಳು ಒಳಗೆ ಕೂರಬಹುದು, ಅಷ್ಟು ದೊಡ್ಡದು. ಮೇಲೆ ಬಿಗಿಯಾದ ಮುಚ್ಚಳ. ಹುಲಿಯಪ್ಪ ಅದನ್ನು ಬೀದಿಯಲ್ಲಿ ಉರುಳಿಸಿಕೊಂಡು ಬರುವಾಗ ಹೆಂಗಸರೆಲ್ಲ ಬಾಗಿಲಿಗೆ ಬಂದರು. ಸೂರಮ್ಮ ಮಾತ್ರ ಬರಲಿಲ್ಲ. ಕಿಟಕಿಯಿಂದ ನೋಡಿದಳು.

ಸಿದ್ದಕ್ಕ ಡ್ರಮ್ಮನ್ನು ತೊಳೆದ ಬಗೆಯನ್ನು ಹೇಳಲೇಬೇಕು. ಮೊದಲು ತೆಂಗಿನ ನಾರಿನಿಂದ ಅದರ ಮೇಲಿನ ಚೀಟಿಯನ್ನು ಕೆರೆದು ತೆಗೆದಳು. ಅದರಲ್ಲಿ ತಲೆಬುರುಡೆಯ ಚಿತ್ರವಿತ್ತು, ಅದು ಮನೆಯೊಳಗೆ ಇದ್ದರೆ ಅಪಶಕುನ. ಆಮೇಲೆ ಬೂದಿ, ಹುಣಸೆಹಣ್ಣು, ಸೀಗೆಪುಡಿ. ಬಿಸಿಲಲ್ಲಿ ಬೋರಲು ಹಾಕಿ ಒಣಗಿಸಿದಳು. ವಾಸನೆ ಹೋಗಿದೆಯೇ ಎಂದು ಒಳಗೆ ತಲೆ ಹಾಕಿ ನೋಡಿದಳು. ಹೋಗಿತ್ತು. ಅಷ್ಟಕ್ಕೂ ನಂಬದೆ ಒಂದು ಕೊನೆಯ ಪರೀಕ್ಷೆ ಮಾಡಿದಳು. ಆ ಡ್ರಮ್ಮಿನ ಮೊದಲ ನೀರನ್ನು ಚಿಪ್ಪಿನಲ್ಲಿ ಹಾಕಿ ಮನೆಯ ಕೆಂಪು ಹ್ಯಾಟೆಗೆ ಕುಡಿಸಿದಳು. ಹ್ಯಾಟೆ ಎಂದರೆ ಕೋಳಿ, ಮೊಟ್ಟೆ ಇಡುವ ಕೋಳಿ. ಅದು ಕುಡಿಯಿತು, ಮೈ ಕೊಡವಿತು, ತಿಪ್ಪೆ ಕೆದರಲು ಹೋಯಿತು. ಮರುದಿನವೂ ಕೆದರಿತು. ಮೊಟ್ಟೆಯನ್ನೂ ಇಟ್ಟಿತು.

ಅಷ್ಟಾದ ಮೇಲೆ ಡ್ರಮ್ಮಿಗೆ ಅರಿಸಿನ ಕುಂಕುಮ ಹಚ್ಚಿ ಪಡಸಾಲೆಯ ಮೂಲೆಯಲ್ಲಿ ಕೂರಿಸಿದಳು. ಸೂರಮ್ಮನ ಕಣ್ಣು ಬೀಳದಿರಲಿ ಎಂದು ಮೇಲೊಂದು ಹಳೆಯ ಸೀರೆ ಹೊದಿಸಿದಳು. ಆದರೆ ಬಾಯಿಗೆ ಸೀರೆ ಹೊದಿಸುವವರು ಯಾರು? ನಲ್ಲಿಯ ಬಳಿ ಎಲ್ಲರ ಎದುರು ಹೇಳಿದಳು.

"ನಮ್ದು ಹಿಡಿಯೋತನಕ ಸ್ವಲ್ಪ ತಡಿ ಸೂರಮ್ಮ. ಡ್ರಮ್ಮು ದೊಡ್ದು, ತುಂಬೋಕೆ ಹೊತ್ತಾಗ್ತೈತೆ. ನಿನ್ನ ಹಂಡೆ ಏನು, ಗಳಿಗೆಯಾಗೆ ತುಂಬ್ತೈತೆ."

ಸೂರಮ್ಮನಿಗೆ ಆ ರಾತ್ರಿ ಅನ್ನ ಸೇರಲಿಲ್ಲ. ಇಷ್ಟು ವರ್ಷ ದೊಡ್ಡದೆನಿಸಿದ್ದ ಹಂಡೆ ಈಗ ಚೊಂಬಿನ ಹಾಗೆ ಕಂಡಿತು. ಗಂಡ ಕ್ಯಾತಣ್ಣನನ್ನು ಕೂತಲ್ಲಿ ಕೂರಗೊಡಲಿಲ್ಲ, ನಿಂತಲ್ಲಿ ನಿಲ್ಲಗೊಡಲಿಲ್ಲ. ಪಾಪ, ಅವನು ಚಳ್ಳಕೆರೆಗೆ ಹೋಗಿ ಅದೇ ಗೋಡೌನಿನಿಂದ ಅಂಥದ್ದೇ ಡ್ರಮ್ಮು ತಂದ. ಸಿದ್ದಕ್ಕನದಕ್ಕಿಂತ ಒಂದು ಗೇಣು ಎತ್ತರದ್ದು ಸಿಗುತ್ತದೆಯೇ ಎಂದು ಕೇಳಿ ಬಾ ಎಂದಿದ್ದಳು ಸೂರಮ್ಮ. ಸಿಗಲಿಲ್ಲ.

ಅವಳು ಅಂಗಳದಲ್ಲಿ ಬೂದಿ ಹಾಕಿ ತಿಕ್ಕುತ್ತಿರುವಾಗಲೇ ನರ್ಸಮ್ಮ ನಿರ್ಮಲಾ ಮಕ್ಕಳಿಗೆ ಸೂಜಿ ಹಾಕಲು ಆ ಬೀದಿಗೆ ಬಂದದ್ದು. ಡ್ರಮ್ಮಿನ ಮೇಲೆ ಚೀಟಿ ಇನ್ನೂ ಇತ್ತು. ತಲೆಬುರುಡೆ, ಅದರ ಪಕ್ಕದಲ್ಲಿ ಕೆಂಪು ಗುರುತು.

"ಸೂರಮ್ಮ, ಇದು ಯಾತಕ್ಕೆ?"

"ನೀರಿಗೆ ಕಣಮ್ಮ. ಕುಡಿಯೋ ನೀರಿಗೆ."

ನಿರ್ಮಲಾ ಚೀಲವನ್ನು ಕೆಳಗಿಟ್ಟು ಅಲ್ಲೇ ಕಲ್ಲಿನ ಮೇಲೆ ಕೂತರು. ಕೂತು ಎಲ್ಲವನ್ನೂ ಹೇಳಿದರು. ಈ ಡ್ರಮ್ಮಿನಲ್ಲಿದ್ದದ್ದು ವಿಷ, ತೊಳೆದರೂ ಪೂರ್ತಿ ಹೋಗುವುದಿಲ್ಲ, ಇದರಲ್ಲಿ ಕುಡಿಯುವ ನೀರು ಇಡಲೇಬಾರದು ಎಂದರು. ಕ್ಯಾತಣ್ಣ ಹಾರೆ ತಂದು ಡ್ರಮ್ಮಿಗೆ ಅಲ್ಲೇ ತೂತು ಹೊಡೆದ. ಸೂರಮ್ಮ ಸೆರಗು ಕಚ್ಚಿಕೊಂಡು ನೋಡಿದಳು. ಒಂದು ಕೊಡ ನೀರನ್ನಾದರೂ ಹಿಡಿದಿರಲಿಲ್ಲ ಅವಳು ಅದರಲ್ಲಿ.

ಹೊರಡುವಾಗ ನಿರ್ಮಲಾ ಕೇಳಿದರು, "ಊರಲ್ಲಿ ಇನ್ಯಾರ ಮನೇಲಾದ್ರೂ ಇಂಥದು ಇದ್ಯಾ?"

ಸೂರಮ್ಮ ಗೋಡೆಯಾಚೆ ನೋಡಿದಳು. ಸಿದ್ದಕ್ಕ ಹೊಲಕ್ಕೆ ಹೋಗಿದ್ದಳು, ಮನೆಯಲ್ಲಿ ಯಾರೂ ಇರಲಿಲ್ಲ. ಪಡಸಾಲೆಯ ಮೂಲೆಯಲ್ಲಿ ಸೀರೆ ಹೊದ್ದು ಕೂತದ್ದು ಅವಳ ಕಣ್ಣಿಗೆ ಕಟ್ಟಿತ್ತು. ನಲ್ಲಿಯ ಬಳಿ ಕೇಳಿದ ಮಾತು ಕಿವಿಯಲ್ಲಿತ್ತು.

"ಇಲ್ಲ ಕಣಮ್ಮ," ಅಂದಳು.

ಯಾಕೆ ಹಾಗೆ ಅಂದಳು? ಸಿದ್ದಕ್ಕನಿಗೆ ಹೇಳಿದರೆ ಹೊಟ್ಟೆಕಿಚ್ಚು ಅಂತಾಳೆ, ಅದಕ್ಕೆ ಹೇಳಲಿಲ್ಲ ಎಂದು ತನಗೆ ತಾನೇ ಸಮಾಧಾನ ಹೇಳಿಕೊಂಡಳು. ಅದು ಸುಳ್ಳು. ನನಗಿಲ್ಲದ ಡ್ರಮ್ಮು ಅವಳಿಗಿದೆಯಲ್ಲ, ಅದರ ರುಚಿಯನ್ನೂ ಅವಳೇ ನೋಡಲಿ ಎಂದು ಒಳಗೊಳಗೇ ಅನ್ನಿಸಿತ್ತು. ಹೊಟ್ಟೆಕಿಚ್ಚು ಬಂದವರಿಗೆ ಬಾಯಿ ಜಾಸ್ತಿ ಅಂತಾರೆ. ಒಮ್ಮೊಮ್ಮೆ ಅದು ಬಾಯಿಯನ್ನು ಹೊಲಿದೂ ಬಿಡುತ್ತದೆ.

ಅದೇ ವಾರ ಸಿದ್ದಕ್ಕನ ಮಗಳು ಜ್ಯೋತಿಲಕ್ಷ್ಮಿ ಮೊಳಕಾಲ್ಮುರಿನಿಂದ ತವರಿಗೆ ಬಂದಳು. ಅವಳ ಗಂಡ ರೇಷ್ಮೆ ಸೀರೆ ನೇಯುವವನು. ಜ್ಯೋತಿಗೆ ಆರು ತುಂಬಿ ಏಳಕ್ಕೆ ಬಿದ್ದಿತ್ತು, ಚೊಚ್ಚಲು. ಸಿದ್ದಕ್ಕ ಮಗಳಿಗೆ ಒಂದು ಕಡ್ಡಿಯನ್ನೂ ಎತ್ತಗೊಡುತ್ತಿರಲಿಲ್ಲ. ಬಸುರಿ ಹೆಂಗಸು ಚೆನ್ನಾಗಿ ನೀರು ಕುಡಿಯಬೇಕು ಎಂದು ಹೊತ್ತು ಹೊತ್ತಿಗೆ ಡ್ರಮ್ಮಿನಿಂದ ಚೊಂಬು ಚೊಂಬು ಕುಡಿಸುತ್ತಿದ್ದಳು. ಸೂರಮ್ಮ ಗೋಡೆಯಾಚೆಯಿಂದ ನೋಡುತ್ತಿದ್ದಳು. ನೋಡಿ ಒಳಗೆ ಹೋಗುತ್ತಿದ್ದಳು.

ಯುಗಾದಿ ಕಳೆಯಿತು. ಬಿಸಿಲು ಏರಿತು. ಒಂದು ಸಲ ಮೋಟಾರು ಸುಟ್ಟು ನಲ್ಲಿ ಒಣಗಿತು. ಸೂರಮ್ಮನ ಹಂಡೆ ತಳ ಕಂಡಿತು. ಅವಳು ಯಾರನ್ನೂ ಕೇಳಲಿಲ್ಲ, ಸಿದ್ದಕ್ಕನನ್ನಂತೂ ಸತ್ತರೂ ಕೇಳುವವಳಲ್ಲ. ಮಧ್ಯಾಹ್ನ ಬಾಗಿಲಲ್ಲಿ ನೆರಳು ಬಿತ್ತು. ಜ್ಯೋತಿ ಒಂದು ಸಣ್ಣ ಬಿಂದಿಗೆಯನ್ನು ಸೊಂಟದ ಮೇಲಿಟ್ಟುಕೊಂಡು ಮೆಲ್ಲಗೆ ಬಂದಿದ್ದಳು.

"ಅತ್ತೆ, ಅವ್ವ ಮಲಗೈತೆ. ನಿಮ್ಮನೆಯಾಗೆ ನೀರಿಲ್ಲ ಅಂತ ಗೊತ್ತಾತು. ತಗಳ್ರಿ, ತಣ್ಣಗೈತೆ. ಅವ್ವಂಗೆ ಹೇಳ್ಬ್ಯಾಡ್ರಿ."

ಈ ಹುಡುಗಿಯನ್ನು ಸೂರಮ್ಮ ತೊಡೆಯ ಮೇಲೆ ಹಾಕಿಕೊಂಡು ಆಡಿಸಿದ್ದಳು. ಬಿಂದಿಗೆ ತೆಗೆದುಕೊಂಡಳು. ನೀರು ನೋಡಿದಳು, ಹುಡುಗಿಯ ಹೊಟ್ಟೆ ನೋಡಿದಳು. ಹೊರಗೆ ಹೋಗಿ ಆ ನೀರನ್ನು ಜಾಲಿ ಬೇಲಿಯ ಬುಡಕ್ಕೆ ಚೆಲ್ಲಿಬಿಟ್ಟಳು. ನೀರಿಲ್ಲದ ದಿನ ಒಂದು ಬಿಂದಿಗೆ ನೀರು ಚೆಲ್ಲುವುದೆಂದರೆ ನಮ್ಮ ಕಡೆ ಎಂಥ ಅವಮಾನ ಎಂದು ನಿಮಗೆ ಹೇಳಬೇಕಾಗಿಲ್ಲ. ಜ್ಯೋತಿಯ ಕಣ್ಣು ತುಂಬಿ ಬಂತು.

"ನಮ್ಮನೆ ನೀರು ಬ್ಯಾಡ್ವಾ ಅತ್ತೆ?"

"ಬ್ಯಾಡ ಕಣೆ. ನಂಗೂ ಬ್ಯಾಡ, ನಿಂಗೂ ಬ್ಯಾಡ. ಆ ಡ್ರಮ್ಮು ವಿಷದ್ದು."

ಸುದ್ದಿ ಮುಟ್ಟಿದ್ದೇ ಸಿದ್ದಕ್ಕ ನಿದ್ದೆಗಣ್ಣಿನಲ್ಲೇ ಗೋಡೆಯ ಬಳಿ ಬಂದು ನಿಂತಳು. ಬೀದಿಯ ನಾಲ್ಕು ಮನೆಯವರು ಹೊರಗೆ ಬಂದರು.

"ಬಸುರಿ ಹುಡುಗಿ ಹೊತ್ತು ತಂದ ನೀರು ಚೆಲ್ತೀಯೇನೆ? ಹೊಟ್ಟೆಕಿಚ್ಚಿಗೂ ಒಂದು ಮಿತಿ ಐತೆ."

"ಹೊಟ್ಟೆಕಿಚ್ಚು ಐತೆ," ಅಂದಳು ಸೂರಮ್ಮ. "ಇಲ್ಲ ಅಂದೋರು ಯಾರು? ನಿನ್ನ ಡ್ರಮ್ಮು ಬಂದಾಗಿಂದ ನಂಗೆ ನಿದ್ದೆ ಇಲ್ಲ. ಆದ್ರೆ ಅದು ವಿಷದ್ದು ಅನ್ನೋದು ಸುಳ್ಳಲ್ಲ."

"ಬೂದಿ ಹಾಕಿ ತೊಳ್ದೀನಿ. ಹುಣಸೆಹಣ್ಣು ಹಾಕಿ ತೊಳ್ದೀನಿ. ವಾಸನೆ ಐತಾ ಬಂದು ಮೂಸು."

"ವಾಸನೆ ಹೋದ್ರೆ ವಿಷ ಹೋಗಲ್ಲಂತೆ."

"ನನ್ನ ಕೋಳಿ ಕುಡೀತಲ್ಲ, ಸತ್ತೋತಾ? ನೋಡು, ಅಲ್ಲೇ ಐತೆ." ಸಿದ್ದಕ್ಕ ತಿಪ್ಪೆಯ ಕಡೆ ಕೈ ತೋರಿಸಿದಳು. ಕೆಂಪು ಹ್ಯಾಟೆ ನಿಜಕ್ಕೂ ಅಲ್ಲೇ ಇತ್ತು, ಮೈ ತುಂಬಿಕೊಂಡಿತ್ತು.

ಸೇರಿದವರು ಕೋಳಿಯನ್ನು ನೋಡಿ, ಸೂರಮ್ಮನನ್ನು ನೋಡಿ ನಕ್ಕರು. ಅವಳ ಮುಖ ಸುಟ್ಟ ಬದನೆಕಾಯಿಯಾಯಿತು. ಆದರೆ ಈ ಸಲ ಅವಳು ಒಳಗೆ ಹೋಗಲಿಲ್ಲ. ಕಾಲಿಗೆ ಚಪ್ಪಲಿ ಮೆಟ್ಟಿ ಬಿರುಬಿಸಿಲಲ್ಲಿ ಪಕ್ಕದೂರಿನ ಉಪಕೇಂದ್ರಕ್ಕೆ ನಡೆದಳು. ಸಂಜೆಗೆ ನರ್ಸಮ್ಮನನ್ನು ಕರೆದುಕೊಂಡೇ ಬಂದಳು.

ಸಿದ್ದಕ್ಕ ಸುಲಭಕ್ಕೆ ಬಾಗುವವಳಲ್ಲ. ನರ್ಸಮ್ಮನಿಗೆ ಚಾಪೆ ಹಾಸಿದಳು, ಮಜ್ಜಿಗೆ ಕೊಡಲು ಹೋದಳು. ನಿರ್ಮಲಾ ಕೈಮುಗಿದು ಬೇಡವೆಂದರು. ಅದರಿಂದ ಅವಳಿಗೆ ಇನ್ನಷ್ಟು ಸಿಟ್ಟು ಬಂತು.

"ನೀವೂ ಆಕೆ ಮಾತು ಕೇಳ್ಕಂಡು ಬಂದ್ರಾ? ನಾನು ಕೋಳಿಗೆ ಕುಡಿಸಿ ನೋಡೀನಿ ಕಣಮ್ಮ. ಸುಮ್ನೆ ಮಗಳಿಗೆ ಕೊಟ್ಟಿಲ್ಲ."

ನಿರ್ಮಲಾ ನಗಲಿಲ್ಲ. "ಒಳ್ಳೇದಕ್ಕೇ ಮಾಡಿದ್ದೀಯ ಸಿದ್ದಕ್ಕ. ಆದ್ರೆ ಒಂದು ಕೇಳ್ತೀನಿ. ಆ ಕೋಳಿ ಎಷ್ಟು ದಿನ ಬದುಕುತ್ತೆ?"

"ಮಾರಮ್ಮನ ಹಬ್ಬದ ತನಕ."

"ನಿನ್ನ ಮಗಳ ಹೊಟ್ಟೇಲಿರೋ ಕೂಸು?"

ಸಿದ್ದಕ್ಕ ತಿರುಗಿ ಮಗಳ ಕಡೆ ನೋಡಿದಳು.

"ಕುಡಿದ ಕೂಡ್ಲೆ ಕೊಲ್ಲೋ ವಿಷ ಬೇರೆ," ಅಂದರು ನಿರ್ಮಲಾ. "ಅದು ಡ್ರಮ್ಮಲ್ಲಿ ತುಂಬ ಉಳಿದಿದ್ರೆ ಕೋಳಿ ಅವತ್ತೇ ಸಾಯ್ತಿತ್ತು. ಇಲ್ಲಿ ಉಳಿದಿರೋದು ಸ್ವಲ್ಪ. ಆದ್ರೆ ಈ ಜಾತಿ ಔಷಧಿಗಳಲ್ಲಿ ಕೆಲವು ಬೇಗ ಕೊಳೆಯಲ್ಲ, ಕರಗಿ ಹೋಗಲ್ಲ. ದಿನಾ ಒಂದಿಷ್ಟು ಒಳಗೆ ಹೋಗಿ ಮೈಯ ಕೊಬ್ಬಲ್ಲಿ ಕೂತ್ಕೊಳ್ತಾವೆ. ವರ್ಷಗಟ್ಲೆ ಕೂತಿರ್ತಾವೆ. ನರಕ್ಕೆ, ಲಿವರಿಗೆ, ಹೊಟ್ಟೇಲಿರೋ ಮಗು ಬೆಳೆಯೋದಕ್ಕೆ ತೊಂದ್ರೆ ಕೊಡಬಹುದು. ಕೆಲವಕ್ಕೆ ಕ್ಯಾನ್ಸರಿನ ನಂಟೂ ಇದೆ ಅಂತಾರೆ ಡಾಕ್ಟ್ರು. ಶೇಂಗಾಕ್ಕೆ ಮೊದ್ಲು ಬಿಳಿ ಪುಡಿ ಎರಚ್ತಿದ್ರಲ್ಲ, ಬಿ.ಎಚ್.ಸಿ.? ಅದನ್ನ ಸರ್ಕಾರ ನಿಲ್ಲಿಸಿದ್ದು ಇದಕ್ಕೇ. ನಿಲ್ಲಿಸಿ ಎಷ್ಟೋ ವರ್ಷ ಆದ್ರೂ ಅಂಥವು ಮಣ್ಣಲ್ಲಿ, ನೀರಲ್ಲಿ ಸಿಗ್ತಾವೆ."

"ನಾನು ತೊಳ್ದಿದ್ದು?"

"ನೀನು ಮಾವಿನ ಉಪ್ಪಿನಕಾಯಿ ಹಾಕಿದ ಪ್ಲಾಸ್ಟಿಕ್ ಡಬ್ಬಿ ಎಷ್ಟು ತಿಕ್ಕಿದ್ರೂ ಕೆಂಪು ಹೋಗುತ್ತಾ? ಪ್ಲಾಸ್ಟಿಕ್ಕು ಕುಡ್ಕೊಂಡಿರುತ್ತೆ. ಆಮೇಲೆ ನೀರು ತುಂಬಿದ್ರೆ ಸ್ವಲ್ಪ ಸ್ವಲ್ಪ ಬಿಡುತ್ತೆ. ಬೇಸಿಗೇಲಿ ಇನ್ನೂ ಜಾಸ್ತಿ."

"ಕುದ್ಸಿ ಕೊಡ್ತೀನಿ."

"ಕುದಿಸಿದ್ರೆ ರೋಗಾಣು ಸಾಯ್ತಾವೆ. ಇದಕ್ಕೆ ಜೀವ ಇಲ್ಲ ಸಿದ್ದಕ್ಕ, ಸಾಯೋಕೆ. ಬಟ್ಟೇಲಿ ಸೋಸಿದ್ರೂ ಹೋಗಲ್ಲ, ನೀರಿಗೆ ಹಾಕೋ ಕ್ಲೋರಿನ್‌ನಿಂದಲೂ ಹೋಗಲ್ಲ."

ಅಷ್ಟರಲ್ಲಿ ಹುಲಿಯಪ್ಪ ಚಳ್ಳಕೆರೆ ಬಸ್ಸಿಳಿದು ಬಂದ. ಅಂಗಳದಲ್ಲಿ ಜನ ಕಂಡು ಗಾಬರಿಯಾದ. ವಿಷಯ ತಿಳಿದ ಮೇಲೆ ತಲೆ ತಗ್ಗಿಸಿ ಗೋಡೆಗೆ ಒರಗಿದ.

"ಗೋಡೌನಿನಾಗೆ ನಾವು ಆ ಡ್ರಮ್ಮಿನಾಗಿನ ನೀರಲ್ಲಿ ಕೈನೂ ತೊಳ್ಯಲ್ಲ," ಅಂದ.

ಸಿದ್ದಕ್ಕ ಗಂಡನನ್ನೇ ನೋಡಿದಳು. "ಮತ್ತೆ ಮನೆಗೆ ಯಾಕೆ ತಂದೆ?"

"ದಿನಾ ಬೆಳಗೆದ್ದು ಪಕ್ಕದ ಮನೆ ಹಂಡೆ ತೋರಿಸ್ತಿದ್ದೆಯಲ್ಲ. ತೊಳೆದ್ರೆ ಹೋಗ್ತೈತೆ ಅಂತ ನಾನೂ ಅನ್ಕಂಡೆ."

ಜ್ಯೋತಿ ಬಾಗಿಲಲ್ಲಿ ನಿಂತು ಎರಡು ಕೈಯನ್ನೂ ಹೊಟ್ಟೆಯ ಮೇಲೆ ಇಟ್ಟುಕೊಂಡಿದ್ದಳು. "ನರ್ಸಮ್ಮ, ನಾನು ಬಂದಾಗಿಂದ ಇದೇ ಕುಡಿದೀನಿ. ಕೂಸಿಗೆ ಏನಾರ ಆಗ್ತೈತಾ?"

"ಆಗೇ ಆಗುತ್ತೆ ಅಂತ ಹೇಳೋಕೆ ಬರಲ್ಲ ತಾಯಿ. ಏನೂ ಆಗಲ್ಲ ಅಂತ ಸುಳ್ಳೂ ಹೇಳಲ್ಲ. ಇವತ್ತಿಂದ ನಿಲ್ಲಿಸಿದ್ರೆ ಇವತ್ತಿಂದ ಒಳಗೆ ಹೋಗೋದು ಕಮ್ಮಿ, ಅದೇ ದೊಡ್ಡದು. ನಾಳೆ ಆಸ್ಪತ್ರೆಗೆ ಬಾ, ಡಾಕ್ಟ್ರು ನೋಡ್ತಾರೆ. ಇನ್ನೊಂದು ಮಾತು. ಹೆರಿಗೆ ಆದ್ಮೇಲೆ ಹೆದರಿಕೊಂಡು ಎದೆಹಾಲು ಬಿಡಿಸಬೇಡ. ಕೂಸಿಗೆ ಅದಕ್ಕಿಂತ ಒಳ್ಳೇದು ಇನ್ನೊಂದಿಲ್ಲ. ನೀನು ಕುಡಿಯೋ ನೀರು ಸರಿ ಮಾಡ್ಕೋ."

ಜ್ಯೋತಿ ಸೂರಮ್ಮನ ಕಡೆ ತಿರುಗಿದಳು. ಮೆಲ್ಲಗೆ ಕೇಳಿದಳು, "ಅತ್ತೆ, ನಿಮಗೆ ಯಾವಾಗ ಗೊತ್ತಾತು?"

ಸೂರಮ್ಮ ನೆಲ ನೋಡಿದಳು. ಅವಳು ಸುಳ್ಳು ಹೇಳಬಹುದಿತ್ತು. ನರ್ಸಮ್ಮ ಮೊನ್ನೆ ಹೇಳಿದರು ಅಂದಿದ್ದರೆ ಮುಗಿಯುತ್ತಿತ್ತು. ಆದರೆ ನರ್ಸಮ್ಮ ಅಲ್ಲೇ ಇದ್ದರು, ಅವಳನ್ನೇ ನೋಡುತ್ತಿದ್ದರು.

"ನೀನು ಊರಿಗೆ ಬರೋಕೆ ಮುಂಚೆನೇ," ಅಂದಳು. "ಇವ್ರು ಕೇಳಿದ್ರು, ಇನ್ಯಾರ ಮನೆಯಾಗಾರ ಐತಾ ಅಂತ. ಇಲ್ಲ ಅಂದೆ. ನಿಮ್ಮವ್ವನ ಮೇಲಿನ ಉರಿಗೆ ಅಂದೆ. ನೀನು ಕುಡಿಯೋದು ದಿನಾ ಕಾಣ್ತಿತ್ತು."

ಸಿದ್ದಕ್ಕ ಬಯ್ಯುತ್ತಾಳೆ ಎಂದು ಎಲ್ಲರೂ ಕಾದರು. ಆದರೆ ತಾನೇ ಕೈಯಾರೆ ಕೆರೆದು ತೆಗೆದ ತಲೆಬುರುಡೆಯ ಚಿತ್ರ ಅವಳ ಕಣ್ಣ ಮುಂದೆ ಬಂದಿತ್ತು. ಸೂರಮ್ಮ ಮುಚ್ಚಿಟ್ಟದ್ದು ಬಾಯಿಮಾತು. ತಾನು ಕಣ್ಣೆದುರಿನ ಚೀಟಿಯನ್ನೇ ಕಿತ್ತಿದ್ದಳು. ಸೀದಾ ಒಳಗೆ ಹೋಗಿ ಸೀರೆ ಎಳೆದು, ಡ್ರಮ್ಮನ್ನು ಬಾಗಿಸಿ, ನೀರೆಲ್ಲ ಹೊರಗೆ ಚೆಲ್ಲಿ ಅಂಗಳಕ್ಕೆ ಉರುಳಿಸಿ ತಂದಳು.

"ಕ್ಯಾತಣ್ಣ, ನಿನ್ನ ಹಾರೆ ಕೊಡು."

ಆಗ ಕೆಳಗಿನ ಬೀದಿಯ ಹೊನ್ನಕ್ಕ ಗುಂಪನ್ನು ಸರಿಸಿಕೊಂಡು ಮುಂದೆ ಬಂದಳು. ಇಷ್ಟು ಹೊತ್ತೂ ಎಲ್ಲ ಕೇಳಿಸಿಕೊಂಡಿದ್ದವಳೇ. "ಯಾಕೆ ತೂತು ಹೊಡೀತೀಯ ಸಿದ್ದಕ್ಕ, ನಂಗೆ ಕೊಡು. ಕುಡಿಯೋಕಲ್ಲ, ಪಾತ್ರೆ ತೊಳ್ಯೋಕೆ ಇಟ್ಕಂತೀನಿ."

ಅವಳ ಕಣ್ಣಲ್ಲಿದ್ದ ಆಸೆಯನ್ನು ಸಿದ್ದಕ್ಕ ಗುರುತು ಹಿಡಿದಳು. ಸೂರಮ್ಮನೂ ಹಿಡಿದಳು. ಅದು ಅವರಿಬ್ಬರಿಗೂ ಚೆನ್ನಾಗಿ ಪರಿಚಯವಿದ್ದ ಆಸೆ. ಇವತ್ತು ಪಾತ್ರೆ ತೊಳೆಯಲು, ನಾಳೆ ನಲ್ಲಿ ಬಾರದ ದಿನ ಕುಡಿಯಲು. ಸಿದ್ದಕ್ಕ ಹಾರೆ ಎತ್ತಿ ಹೊಡೆದಳು. ಪ್ಲಾಸ್ಟಿಕ್ಕು ಗಟ್ಟಿ, ಒಂದೇ ಏಟಿಗೆ ಬಗ್ಗಲಿಲ್ಲ. ಸೂರಮ್ಮ ಬಂದು ಡ್ರಮ್ಮನ್ನು ಕಾಲಿನಿಂದ ಒತ್ತಿ ಹಿಡಿದಳು.

ಆ ಬೇಸಿಗೆಯಲ್ಲಿ ಅವರಿಬ್ಬರೂ ಅಕ್ಕತಂಗಿಯರಾದರು ಎಂದು ಬರೆದರೆ ನಮ್ಮೂರಿನವರು ನಗುತ್ತಾರೆ. ಸಿದ್ದಕ್ಕ ಸೂರಮ್ಮನೊಂದಿಗೆ ಎಷ್ಟೋ ದಿನ ಮಾತು ಬಿಟ್ಟಳು. ಜ್ಯೋತಿಗೆ ಹೆಣ್ಣುಮಗು ಆಯಿತು. ಬಾಣಂತನ ಶುರುವಾದ ದಿನ ಬೆಳಿಗ್ಗೆ ಸೂರಮ್ಮ ತನ್ನ ತಾಮ್ರದ ಹಂಡೆಯನ್ನು ತಿಕ್ಕಿ ತೊಳೆದು ತಂದು ಗೋಡೆಯ ಮೇಲೆ ಇಟ್ಟಳು.

"ಬಾಣಂತಿಗೆ ನೀರು ಬೇಕಾಗ್ತೈತೆ. ಇಟ್ಕ."

"ಎಲ್ಲಿಗಂಟ?" ಎಂದು ಸಿದ್ದಕ್ಕ ಮುಖ ನೋಡದೆ ಕೇಳಿದಳು.

"ಕೂಸಿಗೆ ಹಲ್ಲು ಬರೋಗಂಟ. ಆಮೇಲೆ ವಾಪಸ್ ಕೊಡು. ತವರಿಂದು."

ಕೂಸಿಗೆ ಹಲ್ಲು ಬಂದು, ಓಡಾಡಿ, ಈಗ ಅಂಗನವಾಡಿಗೂ ಹೋಗುತ್ತಿದೆ. ಹಂಡೆ ಇನ್ನೂ ಸಿದ್ದಕ್ಕನ ಮನೆಯಲ್ಲೇ ಇದೆ. ಸೂರಮ್ಮ ಗೋಡೆಯಾಚೆಯಿಂದ ಅದನ್ನು ನೋಡುತ್ತಾಳೆ. ಉರಿ ಇದೆ. ಆದರೆ ಆ ಕೂಸು ಅಜ್ಜಿಯ ಮನೆಗೆ ಬಂದು ಹಂಡೆಯ ನೀರನ್ನು ಕುಡಿಯುವಾಗ ಅವಳಿಗೆ ನಿದ್ದೆ ಕೆಡುವುದಿಲ್ಲ.

ಮಹಿಳಾ ಸಂಘದ ಅಕ್ಕಂದಿರೇ, ಇದನ್ನು ಓದಿ ಮುಗಿಸಿ ಮನೆಗೆ ಹೋದ ಮೇಲೆ ಮೊದಲು ನಿಮ್ಮ ನೀರಿನ ಮೂಲೆಗೆ ಹೋಗಿ. ಅಲ್ಲಿರುವ ಡ್ರಮ್ಮು, ಕ್ಯಾನು, ಡಬ್ಬಿ ಎಲ್ಲಿಂದ ಬಂತು ಎಂದು ಕೇಳಿಕೊಳ್ಳಿ. ಬೆಳೆ ಔಷಧಿ ಇದ್ದ ಪಾತ್ರೆಯಾದರೆ ಅದರಲ್ಲಿ ನೀರು, ಕಾಳು, ಎಣ್ಣೆ, ದನದ ಕಲಗಚ್ಚು ಯಾವುದನ್ನೂ ಇಡಬೇಡಿ. ಹಿಂದೆ ಏನಿತ್ತೆಂದು ಗೊತ್ತಿಲ್ಲದಿದ್ದರೂ ಇಡಬೇಡಿ. ಇನ್ನೊಬ್ಬರು ಎತ್ತಿಕೊಂಡು ಹೋಗದಂತೆ ಅದಕ್ಕೆ ತೂತು ಹೊಡೆಯಿರಿ. ಸುಡಬೇಡಿ, ಕೆರೆ ಬಾವಿಗೆ ಎಸೆಯಬೇಡಿ. ಅಂಗಡಿಯವರು ತೆಗೆದುಕೊಂಡರೆ ವಾಪಸ್ ಕೊಡಿ, ಇಲ್ಲವಾದರೆ ನೀರಿನ ಜಾಗದಿಂದ ದೂರ ಆಳವಾಗಿ ಹೂಳಿಸಿ. ಮನೆಯ ಗಂಡಸರು ಔಷಧಿ ಹೊಡೆದು ಬಂದು ಪಂಪನ್ನು ಬಾವಿಯ ಕಟ್ಟೆಯ ಮೇಲೋ ನಲ್ಲಿಯ ಬಳಿಯೋ ತೊಳೆಯುತ್ತಿದ್ದರೆ ಅಲ್ಲೇ ನಿಲ್ಲಿಸಿ. ಕೋಳಿ ಬದುಕಿತು ಎಂದು ನಂಬಬೇಡಿ, ವಾಸನೆ ಇಲ್ಲ ಎಂದೂ ನಂಬಬೇಡಿ.

ಆಮೇಲೆ ಪಕ್ಕದ ಮನೆಗೆ ಹೋಗಿ. ಅವಳು ನಿಮಗೆ ಆಗದವಳೇ ಇರಬಹುದು. ಅವಳ ಸೀರೆ, ಅವಳ ಹಂಡೆ, ಅವಳ ಮಾತು ಕಂಡರೆ ನಿಮ್ಮ ಹೊಟ್ಟೆ ಉರಿಯುತ್ತಿರಬಹುದು. ಉರಿಯಲಿ. ಉರಿಯುತ್ತಲೇ ಹೋಗಿ ಬಾಗಿಲು ತಟ್ಟಿ, ಅವಳ ಮನೆಯಲ್ಲಿ ನೀರು ಯಾತರಲ್ಲಿದೆ ಎಂದು ಕೇಳಿ. ಅವಳು ನಿಮ್ಮನ್ನು ಬಯ್ದರೂ ಹೇಳಿ ಬನ್ನಿ. ಅವಳ ಮನೆಯಲ್ಲೂ ಆ ನೀರು ಕುಡಿಯುವ ಒಂದು ಕೂಸು ಇರುತ್ತದೆ.